ಮೆನು ಹೋಗಿ ರಿಬ್ಬನ್ ಬಂದಾಗ: ಆಫೀಸ್ 2007ರ ಮರುವಿನ್ಯಾಸ ಮತ್ತು ಬಳಕೆದಾರರ ಪ್ರತಿಕ್ರಿಯೆ

ಮೈಕ್ರೋಸಾಫ್ಟ್ ಆಫೀಸ್ 2007 ಸಂಸ್ಥೆಗಳಿಗೆ 2006ರ ನವೆಂಬರ್ 30ರಂದು, ಸಾಮಾನ್ಯ ಖರೀದಿದಾರರಿಗೆ 2007ರ ಜನವರಿ 30ರಂದು ದೊರೆಯಿತು. ಅದರಲ್ಲಿನ ವರ್ಡ್, ಎಕ್ಸೆಲ್ ಅಥವಾ ಪವರ್‌ಪಾಯಿಂಟ್ ತೆರೆದವರಿಗೆ ಫೈಲ್, ಎಡಿಟ್, ವ್ಯೂ, ಇನ್ಸರ್ಟ್, ಫಾರ್ಮ್ಯಾಟ್, ಟೂಲ್ಸ್ ಎಂದು ವರ್ಷಾನುಗಟ್ಟಲೆ ಪರದೆಯ ಮೇಲ್ಭಾಗದಲ್ಲಿದ್ದ ಮೆನು ಸಾಲು ಕಾಣಲಿಲ್ಲ. ಅದರ ಜಾಗದಲ್ಲಿ, ಹಲವು ಟ್ಯಾಬ್‌ಗಳಾಗಿ ವಿಂಗಡಿಸಿದ, ಚಿತ್ರ ಹಾಗೂ ಹೆಸರುಗಳನ್ನು ಹೊತ್ತ ಬಟನ್‌ಗಳ ಅಗಲವಾದ ಒಂದು ಪಟ್ಟಿ ಇತ್ತು. ಅದಕ್ಕೆ ರಿಬ್ಬನ್ ಎಂದು ಹೆಸರು. ಬೇಡವೆಂದವರು ಹಳೆಯ ಮೆನುವಿಗೆ ಹಿಂದಿರುಗಬಹುದಾದ ಆಯ್ಕೆಯನ್ನು ತಂತ್ರಾಂಶದ ಒಳಗೆ ಎಲ್ಲಿಯೂ ಇಟ್ಟಿರಲಿಲ್ಲ.

ಇದರಿಂದ ಎದ್ದ ಅಸಮಾಧಾನವನ್ನು ‘ಜನರಿಗೆ ಬದಲಾವಣೆ ಹಿಡಿಸುವುದಿಲ್ಲ’ ಎಂಬ ಒಂದೇ ಮಾತಿನಲ್ಲಿ ವಿವರಿಸಿ ಮುಗಿಸುವುದು ಇಂದಿಗೂ ರೂಢಿಯಲ್ಲಿದೆ. ಆ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಆಗ ಕೇಳಿಬಂದ ದೂರುಗಳು ಮೇಲ್ನೋಟಕ್ಕೆ ಒಂದೇ ಬಗೆಯವಾಗಿ ಕಂಡರೂ ಅವುಗಳ ಬೇರುಗಳು ಬೇರೆಬೇರೆಯಾಗಿದ್ದವು. ಕೆಲವು ದೂರುಗಳು ಅಭ್ಯಾಸವಾದ ಮೇಲೆ ತಾವಾಗಿಯೇ ತಣ್ಣಗಾಗುವಂಥವು, ಕೆಲವು ವಿನ್ಯಾಸದ ಸ್ಪಷ್ಟ ದೋಷವನ್ನು ತೋರಿಸುತ್ತಿದ್ದವು, ಮತ್ತೆ ಕೆಲವು ತಯಾರಕರ ಅಂಕಿಅಂಶಗಳಿಗೆ ಎಟುಕದ ಒಂದು ಸಂಗತಿಯನ್ನು ಹೇಳುತ್ತಿದ್ದವು. ಈ ಮೂರನ್ನೂ ಬಿಡಿಸಿ ನೋಡುವುದೇ ಈ ಅಧ್ಯಯನದ ಉದ್ದೇಶ.

ಮೆನುಗಳು ತುಂಬಿ ತುಳುಕಿದ ಬಗೆ

ಬದಲಾವಣೆಗೆ ಬಲವಾದ ಕಾರಣವಿತ್ತು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. 1989ರಲ್ಲಿ ವಿಂಡೋಸ್‌ಗಾಗಿ ಬಂದ ಮೊದಲ ವರ್ಡ್‌ನಲ್ಲಿ ಸುಮಾರು 100 ಕಮಾಂಡ್‌ಗಳೂ 2 ಟೂಲ್‌ಬಾರ್‌ಗಳೂ ಇದ್ದವು. ವರ್ಡ್ 2003ರ ಹೊತ್ತಿಗೆ ಕಮಾಂಡ್‌ಗಳ ಸಂಖ್ಯೆ 1500 ದಾಟಿತ್ತು, ಟೂಲ್‌ಬಾರ್‌ಗಳು 31 ಆಗಿದ್ದವು, ಪರದೆಯ ಬದಿಯಲ್ಲಿ ತೆರೆದುಕೊಳ್ಳುವ ಟಾಸ್ಕ್ ಪೇನ್‌ಗಳು 19 ಇದ್ದವು. ಹೊಸ ಆವೃತ್ತಿ ಬಂದಾಗಲೆಲ್ಲ ಹೊಸ ಸೌಲಭ್ಯಗಳು ಸೇರುತ್ತಿದ್ದವು, ಆದರೆ ಅವುಗಳನ್ನು ಇಡುವ ಕಪಾಟು ಮಾತ್ರ ಹಳೆಯದೇ ಆಗಿತ್ತು. ಆಫೀಸ್ 2000ದಲ್ಲಿ ಹೆಚ್ಚು ಬಳಕೆಯಾಗದ ಸಾಲುಗಳನ್ನು ಮೆನುವಿನಿಂದ ತಾನಾಗಿಯೇ ಮರೆಮಾಡುವ ಪ್ರಯತ್ನ ನಡೆಯಿತು. ನಿನ್ನೆ ಕಂಡ ಸಾಲು ಇಂದು ಕಾಣದಂತಾದ್ದರಿಂದ ಹುಡುಕಾಟ ಕಡಿಮೆಯಾಗುವ ಬದಲು ಹೆಚ್ಚಾಯಿತು. ಟಾಸ್ಕ್ ಪೇನ್‌ಗಳು ಆಫೀಸ್ ಎಕ್ಸ್‌ಪಿಯೊಂದಿಗೆ ಬಂದು, ಹುಡುಕಬೇಕಾದ ಇನ್ನೊಂದು ಸ್ಥಳವನ್ನು ಸೇರಿಸಿದವು. ತಂತ್ರಾಂಶದಲ್ಲಿ ಈಗಾಗಲೇ ಇರುವ ಸೌಲಭ್ಯವನ್ನೇ ಬಳಕೆದಾರರು ‘ಮುಂದಿನ ಆವೃತ್ತಿಯಲ್ಲಿ ಕೊಡಿ’ ಎಂದು ಕೇಳುತ್ತಿದ್ದುದು ತಯಾರಕರಿಗೆ ದೊಡ್ಡ ಎಚ್ಚರಿಕೆಯಾಯಿತು.

ಜೂಲಿ ಲಾರ್ಸನ್-ಗ್ರೀನ್ ಅವರ ಮುಂದಾಳತ್ವದಲ್ಲಿ ಹೊಸ ವಿನ್ಯಾಸ ರೂಪುಗೊಂಡಿತು. ಅದೇ ತಂಡದ ಜೆನ್ಸನ್ ಹ್ಯಾರಿಸ್ ಅದರ ಹಿಂದಿನ ತರ್ಕವನ್ನು ಅಭಿವೃದ್ಧಿಯ ದಿನಗಳಿಂದಲೇ ಸಾರ್ವಜನಿಕವಾಗಿ ಬರೆಯುತ್ತ ಬಂದರು. 2008ರ ಮಾರ್ಚ್‌ನಲ್ಲಿ ಲಾಸ್ ವೇಗಸ್‌ನ ಮಿಕ್ಸ್ ಸಮ್ಮೇಳನದಲ್ಲಿ ಅವರು ರಿಬ್ಬನ್ ಹುಟ್ಟಿದ ಬಗೆಯನ್ನು, ಕೈಬಿಟ್ಟ ಮಾದರಿಗಳನ್ನೂ ಒಳಗೊಂಡಂತೆ, ವಿವರವಾಗಿ ಮುಂದಿಟ್ಟರು. ಒಂದು ವಾಣಿಜ್ಯ ಉತ್ಪನ್ನದ ವಿನ್ಯಾಸಕರು ತಮ್ಮ ನಿರ್ಧಾರಗಳನ್ನು ಇಷ್ಟು ತೆರೆದು ತೋರಿಸಿದ ನಿದರ್ಶನಗಳು ಹೆಚ್ಚಿಲ್ಲ, ಆದ್ದರಿಂದಲೇ ಈ ಪ್ರಕರಣವನ್ನು ಇಂದಿಗೂ ಅಭ್ಯಾಸ ಮಾಡಲು ಸಾಧ್ಯವಾಗಿದೆ.

ಅವರ ಬಳಿ ಇದ್ದ ಮುಖ್ಯ ಆಧಾರವೆಂದರೆ, ಒಪ್ಪಿಗೆ ನೀಡಿದ ಬಳಕೆದಾರರ ಕಂಪ್ಯೂಟರ್‌ಗಳಿಂದ ಆಫೀಸ್ 2003ರ ಕಾಲದಲ್ಲಿ ಸಂಗ್ರಹಿಸಿದ ಬಳಕೆಯ ಮಾಹಿತಿ. ವರ್ಡ್ 2003ರಲ್ಲಿ ಪೇಸ್ಟ್, ಸೇವ್, ಕಾಪಿ, ಅನ್‌ಡೂ, ಬೋಲ್ಡ್ ಎಂಬ ಐದು ಕಮಾಂಡ್‌ಗಳೇ ಒಟ್ಟು ಬಳಕೆಯ ಸುಮಾರು 32 ಶೇಕಡಾ ಭಾಗವನ್ನು ಆವರಿಸಿದ್ದವು. ಪೇಸ್ಟ್ ಒಂದರ ಪಾಲೇ 11 ಶೇಕಡಾ ಮೀರಿತ್ತು. ಹೋಮ್ ಟ್ಯಾಬ್‌ನ ಎಡತುದಿಯಲ್ಲಿ ಪೇಸ್ಟ್ ಬಟನ್ ಉಳಿದವುಗಳಿಗಿಂತ ದೊಡ್ಡದಾಗಿ ಕುಳಿತಿರುವುದಕ್ಕೆ ಈ ಅಂಕಿಯೇ ಕಾರಣ. ಹೆಚ್ಚು ಬಳಕೆಯಾಗುವುದು ಕೈಗೆ ಹತ್ತಿರ, ಕಡಿಮೆ ಬಳಕೆಯಾಗುವುದು ದೂರ ಎಂಬುದು ಈ ವಿನ್ಯಾಸದ ಮೂಲತತ್ತ್ವಗಳಲ್ಲಿ ಒಂದಾಯಿತು.

ಒಂದು ಸಾಲನ್ನು ಸೇರಿಸುವುದು

ಬಳಕೆದಾರರ ಸಿಟ್ಟು ಎಲ್ಲಿಂದ ಹುಟ್ಟಿತು ಎಂಬುದನ್ನು ತಿಳಿಯಲು ಎಕ್ಸೆಲ್‌ನ ಒಂದೇ ಒಂದು ಕೆಲಸವನ್ನು ಹತ್ತಿರದಿಂದ ನೋಡಿದರೆ ಸಾಕು. ಲೆಕ್ಕದ ಹಾಳೆಯ ನಡುವೆ ಒಂದು ಹೊಸ ಸಾಲನ್ನು ಸೇರಿಸಬೇಕಾಗಿದೆ. ಎಕ್ಸೆಲ್ 2003ರಲ್ಲಿ ಇನ್ಸರ್ಟ್ ಮೆನು ತೆರೆದು ರೋಸ್ ಎಂಬುದನ್ನು ಒತ್ತಿದರೆ ಕೆಲಸ ಮುಗಿಯುತ್ತಿತ್ತು. ಎಕ್ಸೆಲ್ 2007ರಲ್ಲಿಯೂ ಇನ್ಸರ್ಟ್ ಎಂಬ ಟ್ಯಾಬ್ ಕಣ್ಣೆದುರಿಗೇ ಇದೆ. ಬಳಕೆದಾರರು ಸಹಜವಾಗಿಯೇ ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಪಿವಟ್ ಟೇಬಲ್ ಇದೆ, ಚಿತ್ರಗಳಿವೆ, ಬಗೆಬಗೆಯ ಚಾರ್ಟ್‌ಗಳಿವೆ, ಹೆಡರ್ ಫುಟರ್ ಇದೆ, ಆದರೆ ಸಾಲು ಸೇರಿಸುವ ಬಟನ್ ಇಲ್ಲ. ಅದು ಹೋಮ್ ಟ್ಯಾಬ್‌ನ ಬಲಭಾಗದಲ್ಲಿ, ಸೆಲ್ಸ್ ಎಂಬ ಗುಂಪಿನಲ್ಲಿ, ಮತ್ತೊಂದು ಇನ್ಸರ್ಟ್ ಬಟನ್ನಿನ ಕೆಳಗಿನ ಬಾಣದ ಗುರುತನ್ನು ಒತ್ತಿದಾಗ ತೆರೆದುಕೊಳ್ಳುವ ಪಟ್ಟಿಯಲ್ಲಿದೆ.

ವಿನ್ಯಾಸಕರ ಕಡೆಯಿಂದ ನೋಡಿದರೆ ಇದರಲ್ಲಿ ಅಸಂಬದ್ಧತೆ ಇಲ್ಲ. ಸಾಲು ಸೇರಿಸುವುದು ಪದೇಪದೇ ಮಾಡುವ ಕೆಲಸ, ಪದೇಪದೇ ಮಾಡುವ ಕೆಲಸಗಳ ಮನೆ ಹೋಮ್ ಟ್ಯಾಬ್. ಆದರೆ ಅದೇ ಪರದೆಯಲ್ಲಿ ಇನ್ಸರ್ಟ್ ಎಂಬ ಫಲಕವನ್ನು ತೂಗುಹಾಕಿ, ಎಲ್ಲರೂ ದಿನವೂ ಸೇರಿಸುವ ವಸ್ತುವನ್ನು ಅದರ ಕೆಳಗೆ ಇಡದಿದ್ದಾಗ, ಹುಡುಕುವವರಿಗೆ ಸಿಗುವುದು ತಪ್ಪು ದಾರಿ. ಹಳೆಯ ಮೆನುವಿನ ತರ್ಕ ಹೆಸರನ್ನು ಅವಲಂಬಿಸಿತ್ತು, ಹೊಸದರ ತರ್ಕ ಬಳಕೆಯ ಪ್ರಮಾಣವನ್ನು ಅವಲಂಬಿಸಿತ್ತು. ಬಳಕೆಯ ಪ್ರಮಾಣ ವಿನ್ಯಾಸಕರ ಬಳಿ ಮಾತ್ರ ಇರುವ ಮಾಹಿತಿ, ಹೆಸರು ಮಾತ್ರ ಬಳಕೆದಾರರ ಕಣ್ಣಿಗೆ ಕಾಣುವ ಮಾಹಿತಿ. ನನ್ನ ಅಭಿಪ್ರಾಯದಲ್ಲಿ ‘ಏನೂ ಸಿಗುತ್ತಿಲ್ಲ’ ಎಂಬ ಅಂದಿನ ದೂರಿನ ಬಹುಪಾಲು ತಿರುಳು ಇದೇ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ವರ್ಡ್ 2003ರಲ್ಲಿ ಹೆಡರ್ ಮತ್ತು ಫುಟರ್ ವ್ಯೂ ಮೆನುವಿನಲ್ಲಿದ್ದವು, ಅದು ಹೊಸಬರು ಊಹಿಸಲಾಗದ ಜಾಗವಾಗಿತ್ತು. 2007ರಲ್ಲಿ ಅವು ಇನ್ಸರ್ಟ್ ಟ್ಯಾಬ್‌ಗೆ ಬಂದವು. ಇದು ನಿಸ್ಸಂದೇಹವಾಗಿ ಸುಧಾರಣೆ. ಹೀಗಿದ್ದೂ ಹಳೆಯ ಬಳಕೆದಾರರ ಕೈ ಮೊದಲು ವ್ಯೂ ಕಡೆಗೇ ಹೋಯಿತು. ಅಂದರೆ ಸರಿಯಾದ ಸ್ಥಳಾಂತರಕ್ಕೂ ಬೆಲೆ ತೆರಬೇಕಾಯಿತು, ಆ ಬೆಲೆಯನ್ನು ತೆತ್ತವರು ತಂತ್ರಾಂಶವನ್ನು ಅತಿ ಚೆನ್ನಾಗಿ ಬಲ್ಲವರು. ಹತ್ತಾರು ವರ್ಷಗಳ ಅಭ್ಯಾಸದಿಂದ ಕೈಗೆ ಬಂದ ವೇಗ ಒಂದು ವೃತ್ತಿಕೌಶಲ. ಕಚೇರಿಯಲ್ಲಿ ಎಲ್ಲರೂ ಸಂದೇಹ ಕೇಳಲು ಬರುತ್ತಿದ್ದ ವ್ಯಕ್ತಿ, ಆವೃತ್ತಿ ಬದಲಾದ ಮರುದಿನ, ತಲೆಬರಹದ ಸಾಲುಗಳನ್ನು ಪರದೆಯಲ್ಲಿ ಕದಲದಂತೆ ನಿಲ್ಲಿಸುವ ಫ್ರೀಜ್ ಪೇನ್ಸ್ ಎಲ್ಲಿದೆಯೆಂದು ತಾನೇ ಹುಡುಕುತ್ತ ಕೂರಬೇಕಾಗುತ್ತದೆ (ಅದು ವಿಂಡೋ ಮೆನುವಿನಿಂದ ವ್ಯೂ ಟ್ಯಾಬ್‌ಗೆ ಹೋಗಿತ್ತು). ಆಗ ಹುಟ್ಟುವ ಅಸಮಾಧಾನದಲ್ಲಿ ಸಮಯದ ನಷ್ಟದ ಜೊತೆಗೆ ಸ್ಥಾನಮಾನದ ನಷ್ಟವೂ ಸೇರಿರುತ್ತದೆ. ಅದನ್ನು ಹಟಮಾರಿತನವೆಂದು ಕರೆಯುವುದು ಅನ್ಯಾಯ.

ಗುಂಡಗಿನ ಬಟನ್

ಮೇಲಿನದು ಅಭ್ಯಾಸದಿಂದ ಸರಿಹೋಗಬಹುದಾದ ತೊಂದರೆ. ಆಫೀಸ್ ಬಟನ್ನಿನದು ಹಾಗಲ್ಲ. ಹೊಸದಾಗಿ ತೆರೆಯುವುದು, ಉಳಿಸುವುದು, ಮುದ್ರಿಸುವುದು ಮುಂತಾದ ಫೈಲ್ ಮೆನುವಿನ ಕೆಲಸಗಳನ್ನೆಲ್ಲ ಪರದೆಯ ಎಡ ಮೇಲ್ಮೂಲೆಯ ಒಂದು ಗುಂಡಗಿನ ಬಟನ್ನಿನೊಳಗೆ ಇರಿಸಲಾಗಿತ್ತು. ಅದರ ಮೇಲೆ ಆಫೀಸ್‌ನ ಲಾಂಛನವಷ್ಟೇ ಇತ್ತು, ಯಾವ ಅಕ್ಷರವೂ ಇರಲಿಲ್ಲ. ಬಹಳ ಮಂದಿ ಅದನ್ನು ಅಲಂಕಾರವೆಂದು ಭಾವಿಸಿ ಮುಟ್ಟಲೇ ಇಲ್ಲ. ಮುದ್ರಿಸುವುದು ಹೇಗೆಂದು ತಿಳಿಯದೆ ಸಹಾಯ ಕೇಳಿದವರು ಕಂಪ್ಯೂಟರ್ ಬಾರದವರಲ್ಲ. ಅವರ ವರ್ತನೆ ಹಿಂದಿನ ಕಲಿಕೆಗೆ ಅನುಗುಣವಾಗಿಯೇ ಇತ್ತು. ವಿಂಡೋಸ್‌ನ ಎಲ್ಲ ಕಿಟಕಿಗಳ ಆ ಮೂಲೆಯಲ್ಲಿ ತಂತ್ರಾಂಶದ ಪುಟ್ಟ ಚಿತ್ರವೊಂದು ಇರುವುದು, ಅದನ್ನು ಎರಡು ಬಾರಿ ಒತ್ತಿದರೆ ಕಿಟಕಿ ಮುಚ್ಚಿಕೊಳ್ಳುವುದು, ಅಲ್ಲಿ ಕೆಲಸಕ್ಕೆ ಬೇಕಾದದ್ದು ಏನೂ ಇರುವುದಿಲ್ಲ ಎಂಬುದನ್ನು ಅವರು ವರ್ಷಗಳಿಂದ ಕಂಡುಕೊಂಡಿದ್ದರು. ಅದೇ ಮೂಲೆಯಲ್ಲಿ ಅತಿ ಮುಖ್ಯವಾದ ಕಮಾಂಡ್‌ಗಳನ್ನು ಹೆಸರಿಲ್ಲದೆ ಇಟ್ಟದ್ದು ವಿನ್ಯಾಸದ ತಪ್ಪು. ಸಾಧ್ಯವಾದಲ್ಲೆಲ್ಲ ಬಟನ್ನಿಗೆ ಹೆಸರು ಬರೆಯಬೇಕೆಂಬ ರಿಬ್ಬನ್ನಿನದೇ ತತ್ತ್ವವನ್ನು ಈ ಒಂದು ಬಟನ್ ಮುರಿದಿತ್ತು ಎಂಬುದು ಗಮನಾರ್ಹ.

ಎರಡನೆಯ ನೈಜ ದೋಷ, ಹೊಂದಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕಿತ್ತುಕೊಂಡದ್ದು. 2003ರಲ್ಲಿ ಯಾವ ಬಟನ್ನನ್ನಾದರೂ ಎಳೆದು ಬೇಕಾದ ಟೂಲ್‌ಬಾರ್‌ನಲ್ಲಿ ಇಟ್ಟುಕೊಳ್ಳಬಹುದಿತ್ತು. ಅನುವಾದಕರು, ಸಂಪಾದಕರು, ಲೆಕ್ಕಪತ್ರ ನೋಡುವವರು ತಮ್ಮ ತಮ್ಮ ಕೆಲಸಕ್ಕೆ ಒಪ್ಪುವ ಟೂಲ್‌ಬಾರ್‌ಗಳನ್ನು ಕಟ್ಟಿಕೊಂಡಿದ್ದರು. 2007ರಲ್ಲಿ ರಿಬ್ಬನ್ನಿನ ಒಂದು ಬಟನ್ನನ್ನೂ ಸರಿಸಲು ಸಾಮಾನ್ಯ ಬಳಕೆದಾರರಿಗೆ ಆಗುತ್ತಿರಲಿಲ್ಲ, ಎಕ್ಸ್‌ಎಂಎಲ್ ಎಂಬ ಸಂಕೇತ ಭಾಷೆಯಲ್ಲಿ ಬರೆಯಬಲ್ಲವರು ಮಾತ್ರ ಅದನ್ನು ಬದಲಿಸಬಹುದಿತ್ತು. ಉಳಿದವರಿಗೆ ಬಿಟ್ಟದ್ದು ಕ್ವಿಕ್ ಆಕ್ಸೆಸ್ ಟೂಲ್‌ಬಾರ್ ಎಂಬ ಒಂದು ತೆಳು ಸಾಲು. ಎಲ್ಲರ ಪರದೆಯೂ ಒಂದೇ ತೆರನಾಗಿದ್ದರೆ ತರಬೇತಿಯೂ ಸಹಾಯವೂ ಸುಲಭ ಎಂಬ ವಾದ ಇದಕ್ಕೆ ಸಮರ್ಥನೆಯಾಗಿತ್ತು. ವಾಸ್ತವದಲ್ಲಿ ಪರದೆಗಳು ಒಂದೇ ತೆರನಾಗಿ ಇರಲೂ ಇಲ್ಲ. ಕಿಟಕಿ ಕಿರಿದಾದಂತೆ ರಿಬ್ಬನ್ನಿನ ದೊಡ್ಡ ಬಟನ್‌ಗಳು ಚಿಕ್ಕವಾಗುತ್ತಿದ್ದವು, ಹೆಸರುಗಳು ಮಾಯವಾಗುತ್ತಿದ್ದವು, ಕೊನೆಗೆ ಇಡೀ ಗುಂಪೇ ಒಂದು ಬಟನ್ನಾಗಿ ಮಡಚಿಕೊಳ್ಳುತ್ತಿತ್ತು. ಕಚೇರಿಯ ಅಗಲ ಪರದೆಯಲ್ಲಿ ಕಲಿತ ಜಾಗ ಚಿಕ್ಕ ಲ್ಯಾಪ್‌ಟಾಪಿನಲ್ಲಿ ಬೇರೆಯೇ ಆಗಿರುತ್ತಿತ್ತು. ಪರದೆಯ ಎತ್ತರವನ್ನು ರಿಬ್ಬನ್ ನುಂಗುತ್ತದೆ ಎಂಬ ದೂರು ಕೂಡ ಚಿಕ್ಕ ಪರದೆಯವರಿಂದಲೇ ಹೆಚ್ಚಾಗಿ ಕೇಳಿಬಂತು. ಕಂಟ್ರೋಲ್ ಮತ್ತು ಎಫ್1 ಒಟ್ಟಿಗೆ ಒತ್ತಿದರೆ ಅದು ಮಡಚಿಕೊಳ್ಳುತ್ತಿತ್ತಾದರೂ ಆ ಸಂಗತಿ ತಿಳಿದವರು ಕಡಿಮೆ.

ಎಣಿಕೆಗೆ ಸಿಗದ ಕೆಲಸಗಳು

ಈ ಪ್ರಕರಣದಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಾಣುವುದು ಮೂರನೆಯ ಬಗೆಯ ದೂರು. ಬಳಕೆಯ ಮಾಹಿತಿ ಒಂದು ಕಮಾಂಡನ್ನು ಎಷ್ಟು ಬಾರಿ ಒತ್ತಲಾಯಿತು ಎಂಬುದನ್ನು ಹೇಳುತ್ತದೆ, ಅದು ಸಿಗದಿದ್ದರೆ ಯಾರ ಕೆಲಸ ನಿಂತುಹೋಗುತ್ತದೆ ಎಂಬುದನ್ನು ಹೇಳುವುದಿಲ್ಲ. ಪೇಸ್ಟ್ ಬಟನ್ ಎಲ್ಲಿದ್ದರೂ ಜನ ಅದನ್ನು ಒಂದೇ ದಿನದಲ್ಲಿ ಕಲಿಯುತ್ತಾರೆ, ಏಕೆಂದರೆ ದಿನಕ್ಕೆ ನೂರು ಬಾರಿ ಅದು ಬೇಕು. ವರ್ಷಾಂತ್ಯದ ವರದಿಗಾಗಿ ವರ್ಷಕ್ಕೊಮ್ಮೆ ಬಳಸುವ ಕಮಾಂಡ್ ಸ್ಥಳ ಬದಲಿಸಿದರೆ ಅದನ್ನು ಕಲಿಯುವ ಅವಕಾಶವೇ ಬರುವುದಿಲ್ಲ. ಪ್ರತಿ ಸಲವೂ ಅದು ಹೊಸ ಹುಡುಕಾಟವೇ, ಅದೂ ಕೆಲಸದ ಒತ್ತಡ ಹೆಚ್ಚಿರುವ ದಿನ.

ಇದಕ್ಕೆ ಎಕ್ಸೆಲ್‌ನ ಡೇಟಾ ಫಾರ್ಮ್ ಒಳ್ಳೆಯ ನಿದರ್ಶನ. ಉದ್ದನೆಯ ಪಟ್ಟಿಗೆ ಒಂದೊಂದೇ ದಾಖಲೆಯನ್ನು ಒಂದು ಪುಟ್ಟ ಕಿಟಕಿಯಲ್ಲಿ ತುಂಬುತ್ತ ಹೋಗಲು ಅನುವು ಮಾಡುವ ಈ ಸೌಲಭ್ಯ 2003ರ ಡೇಟಾ ಮೆನುವಿನಲ್ಲಿ ಫಾರ್ಮ್ ಎಂಬ ಹೆಸರಿನಲ್ಲಿತ್ತು. ಎಕ್ಸೆಲ್ ಬಳಸುವ ಬಹುಪಾಲು ಜನರಿಗೆ ಅದು ಇದೆಯೆಂದೇ ಗೊತ್ತಿಲ್ಲ. ಆದರೆ ದಿನವಿಡೀ ಮಾಹಿತಿ ತುಂಬುವ ಕೆಲಸದಲ್ಲಿರುವವರಿಗೆ ಅದೇ ಮುಖ್ಯ ಸಾಧನ. 2007ರ ರಿಬ್ಬನ್ನಿನಲ್ಲಿ ಅದಕ್ಕೆ ಜಾಗವೇ ಸಿಗಲಿಲ್ಲ. ಸೌಲಭ್ಯವನ್ನು ತೆಗೆದುಹಾಕಿರಲಿಲ್ಲ. ಆಯ್ಕೆಗಳ ಕಿಟಕಿಯಲ್ಲಿ ‘ರಿಬ್ಬನ್ನಿನಲ್ಲಿ ಇಲ್ಲದ ಕಮಾಂಡ್‌ಗಳು’ ಎಂಬ ಅರ್ಥದ ಒಂದು ಪಟ್ಟಿಯಿತ್ತು, ಅಲ್ಲಿಂದ ಅದನ್ನು ಆರಿಸಿ ಕ್ವಿಕ್ ಆಕ್ಸೆಸ್ ಟೂಲ್‌ಬಾರ್‌ಗೆ ಸೇರಿಸಿಕೊಳ್ಳಬೇಕಿತ್ತು. ಆ ಪಟ್ಟಿಯನ್ನು ಕಂಡುಕೊಳ್ಳದವರು ಸೌಲಭ್ಯವನ್ನೇ ಕಿತ್ತುಹಾಕಿದ್ದಾರೆ ಎಂದು ತಿಳಿದರು, ಹಾಗೆ ತಿಳಿದದ್ದು ಅವರ ತಪ್ಪಲ್ಲ. ಒಟ್ಟು ಎಣಿಕೆಯಲ್ಲಿ ನಗಣ್ಯವಾಗಿ ಕಾಣುವ ಒಂದು ಕಮಾಂಡ್ ಒಬ್ಬ ವ್ಯಕ್ತಿಯ ಇಡೀ ದಿನದ ಕೆಲಸವಾಗಿರಬಹುದು. ಬಳಕೆದಾರರ ದೂರುಗಳು ಹೊತ್ತು ತಂದದ್ದು ಈ ತೂಕವನ್ನು.

ಇಲ್ಲಿಯೇ ತಯಾರಕರ ಒಂದು ನಿರ್ಧಾರವನ್ನು ಮನಃಪೂರ್ವಕವಾಗಿ ಮೆಚ್ಚಬೇಕು. ಮೆನುಗಳು ಕಣ್ಮರೆಯಾದರೂ ಅವುಗಳ ಕೀಲಿ ಸರಣಿಗಳನ್ನು ಅವರು ಉಳಿಸಿಕೊಂಡರು. ಆಲ್ಟ್ ಹಿಡಿದು ಇ ಒತ್ತಿ, ನಂತರ ಎಸ್ ಒತ್ತಿದರೆ ಪೇಸ್ಟ್ ಸ್ಪೆಷಲ್ ಮೊದಲಿನಂತೆಯೇ ತೆರೆದುಕೊಳ್ಳುತ್ತಿತ್ತು. ಆಲ್ಟ್ ಮತ್ತು ಡಿ, ಬಳಿಕ ಓ ಒತ್ತಿದರೆ ಮೇಲೆ ಹೇಳಿದ ಡೇಟಾ ಫಾರ್ಮ್ ಕೂಡ ಬರುತ್ತಿತ್ತು. ಸರಣಿಯ ನಡುವೆ ಒಂದು ಚಿಕ್ಕ ಚೌಕ ಮೂಡಿ, ಆಫೀಸ್ 2003ರ ಕೀಲಿಗಳನ್ನು ಒತ್ತುವುದನ್ನು ಮುಂದುವರಿಸಿ ಎಂದು ಸೂಚಿಸುತ್ತಿತ್ತು. ಕಣ್ಣಿನ ನೆನಪನ್ನು ಕಿತ್ತುಕೊಂಡ ವಿನ್ಯಾಸ ಬೆರಳಿನ ನೆನಪನ್ನು ಕಾಪಾಡಿತು. ಕೀಲಿಮಣೆಯಿಂದಲೇ ಕೆಲಸ ಮಾಡುತ್ತಿದ್ದ ಪರಿಣತರಿಗೆ ಇದು ದೊಡ್ಡ ಆಸರೆಯಾಯಿತು. ಕೊರತೆಯಿದ್ದದ್ದು ಒಂದೇ: ಮೌಸ್ ಹಿಡಿದು ಮೆನುವನ್ನು ಓದುತ್ತ ಹೋಗುತ್ತಿದ್ದವರಿಗೆ, ಅಂದರೆ ಬಹುಸಂಖ್ಯಾತರಿಗೆ, ಇದರಿಂದ ಏನೂ ಪ್ರಯೋಜನವಾಗಲಿಲ್ಲ.

ಮೆಚ್ಚಿಕೊಂಡವರು ಮತ್ತು ಬೆರೆತುಹೋದ ದೂರುಗಳು

ರಿಬ್ಬನ್ನನ್ನು ಇಷ್ಟಪಟ್ಟವರೂ ಸಾಕಷ್ಟು ಮಂದಿ ಇದ್ದರು. ಆದರೆ ಇಷ್ಟಪಟ್ಟವರು ಅದನ್ನು ಹೇಳಿಕೊಳ್ಳುವುದು ಕಡಿಮೆ. ಕೋಷ್ಟಕದ ಅಥವಾ ಚಾರ್ಟ್‌ನ ಹತ್ತಾರು ಮಾದರಿಗಳು ಚಿತ್ರರೂಪದಲ್ಲಿ ಎದುರಿಗೆ ಬರುವುದು, ಅಕ್ಷರದ ಮಾದರಿಯ ಮೇಲೆ ಮೌಸ್ ಇಟ್ಟರೆ ಸಾಕು ಬರಹ ಹೇಗೆ ಕಾಣುತ್ತದೆಂದು ಪುಟದಲ್ಲಿಯೇ ತೋರುವುದು, ಚಿತ್ರವನ್ನು ಆರಿಸಿದಾಗ ಚಿತ್ರಕ್ಕೆ ಸಂಬಂಧಿಸಿದ ಟ್ಯಾಬ್ ತಾನಾಗಿ ಮೂಡುವುದು, ಇವೆಲ್ಲ ಹೊಸಬರಿಗೆ ನಿಜವಾದ ಉಪಕಾರಗಳು. ಹಿಂದೆ ಯಾವ ಕಿಟಕಿಯಲ್ಲಿ ಏನಿದೆ ಎಂದು ತಿಳಿದಿದ್ದವರಿಗೆ ಮಾತ್ರ ಸಾಧ್ಯವಿದ್ದ ಅಂದದ ಕಡತಗಳನ್ನು ಈಗ ಯಾರು ಬೇಕಾದರೂ ಸಿದ್ಧಪಡಿಸಬಹುದಾಗಿತ್ತು.

ದೂರುಗಳನ್ನು ಓದುವಾಗ ಇನ್ನೊಂದು ತೊಡಕನ್ನು ನೆನಪಿಡಬೇಕು. ಇದೇ ಆವೃತ್ತಿಯಲ್ಲಿ ಫೈಲುಗಳ ರೂಪವೂ ಬದಲಾಯಿತು. ವರ್ಡ್ ಫೈಲಿನ ಹೆಸರಿನ ಕೊನೆಯಲ್ಲಿ ಡಾಕ್ ಇದ್ದದ್ದು ಡಾಕ್ಸ್ ಆಯಿತು, ಹಳೆಯ ಆಫೀಸ್ ಇದ್ದವರು ಹೊಂದಾಣಿಕೆಯ ಪ್ಯಾಕ್ ಹಾಕಿಕೊಳ್ಳದೆ ಅದನ್ನು ತೆರೆಯಲಾಗುತ್ತಿರಲಿಲ್ಲ. ಕಳಿಸಿದ ಕಡತ ತೆರೆಯುತ್ತಿಲ್ಲ ಎಂಬ ಸಿಟ್ಟೂ ಬಟನ್ ಸಿಗುತ್ತಿಲ್ಲ ಎಂಬ ಸಿಟ್ಟೂ ಒಂದೇ ರಾಶಿಗೆ ಬಿದ್ದವು. ಸಾಲದೆಂಬಂತೆ ಔಟ್‌ಲುಕ್ 2007ರ ಮುಖ್ಯ ಕಿಟಕಿಯಲ್ಲಿ ಹಳೆಯ ಮೆನುವೇ ಉಳಿದಿತ್ತು, ಪತ್ರ ಬರೆಯುವ ಕಿಟಕಿಯಲ್ಲಿ ಮಾತ್ರ ರಿಬ್ಬನ್ ಇತ್ತು. ಪಬ್ಲಿಷರ್, ವಿಸಿಯೋ, ಒನ್‌ನೋಟ್‌ಗಳಿಗೆ ರಿಬ್ಬನ್ ತಲುಪಿರಲೇ ಇಲ್ಲ. ಮೆನು ಇಟ್ಟುಕೊಳ್ಳುವುದು ಅಸಾಧ್ಯವೆಂಬ ಮಾತನ್ನು ಅದೇ ಆಫೀಸ್ ಕುಟುಂಬದ ಈ ತಂತ್ರಾಂಶಗಳೇ ಸುಳ್ಳಾಗಿಸುತ್ತಿದ್ದವು.

ಹಾಗಾದರೆ ಹಳೆಯ ಮೆನುವನ್ನೂ ಆಯ್ಕೆಯಾಗಿ ಉಳಿಸಬೇಕಿತ್ತೇ? ಎರಡೂ ಇದ್ದರೆ ಪ್ರತಿ ಹೊಸ ಸೌಲಭ್ಯಕ್ಕೂ ಎರಡು ಕಡೆ ಜಾಗ ಮಾಡಬೇಕು, ಎರಡನ್ನೂ ಪರೀಕ್ಷಿಸಬೇಕು, ಸಂಸ್ಥೆಗಳು ಎಲ್ಲರಿಗೂ ಹಳೆಯದನ್ನೇ ಹಾಕಿಕೊಟ್ಟು ಹೊಸದನ್ನು ಯಾರೂ ನೋಡದಂತಾಗಬಹುದು. ಈ ಭಯ ನಿರಾಧಾರವಲ್ಲ. ಆದರೂ ಉಳಿತಾಯವಾದದ್ದು ತಯಾರಕರಿಗೆ, ಖರ್ಚು ಬಿದ್ದದ್ದು ಬಳಸುವ ಸಂಸ್ಥೆಗಳಿಗೆ. ತರಬೇತಿಯ ಕೈಪಿಡಿಗಳನ್ನು, ಅವುಗಳೊಳಗಿನ ಪರದೆಯ ಚಿತ್ರಗಳನ್ನು, ಒಳಗಿನ ಸಹಾಯ ಪುಟಗಳನ್ನು ಹೊಸದಾಗಿ ಮಾಡಬೇಕಾಯಿತು. ಹಳೆಯ ಮೆನುವನ್ನು ಮರಳಿ ತರುವ ಪೂರಕ ತಂತ್ರಾಂಶಗಳನ್ನು ಬೇರೆಯವರು ತಯಾರಿಸಿದರು, ಅವಕ್ಕೆ ಹಣ ಕೊಟ್ಟು ಕೊಂಡವರೂ ಇದ್ದರು. ತಾವು ಈಗಾಗಲೇ ಹೊಂದಿದ್ದನ್ನು ಮತ್ತೆ ಪಡೆಯಲು ಜನ ಹಣ ಕೊಡುತ್ತಾರೆಂದರೆ ಅವರ ಅಗತ್ಯ ಹುಸಿಯಾಗಿರಲಾರದು. ಒಂದೇ ಒಂದು ಆವೃತ್ತಿಯ ಮಟ್ಟಿಗಾದರೂ ಎರಡನ್ನೂ ಜೊತೆಗಿಟ್ಟಿದ್ದರೆ ಈ ಹೊರೆ ಬಹಳಷ್ಟು ತಗ್ಗುತ್ತಿತ್ತೆಂದು ನಾನು ನಂಬುತ್ತೇನೆ.

ತಯಾರಕರು ಏನನ್ನು ಕೇಳಿಸಿಕೊಂಡರು

ಮೊದಲ ಪರಿಹಾರವಾಗಿ, 2003ರ ಮೆನುವಿನ ಚಿತ್ರದಲ್ಲಿ ಒಂದು ಕಮಾಂಡನ್ನು ಒತ್ತಿದರೆ 2007ರಲ್ಲಿ ಅದು ಎಲ್ಲಿದೆಯೆಂದು ತೋರಿಸುವ ಮಾರ್ಗದರ್ಶಿಯನ್ನು ಮೈಕ್ರೋಸಾಫ್ಟ್ ತನ್ನ ಜಾಲತಾಣದಲ್ಲಿ ಒದಗಿಸಿತು. 2008ರಲ್ಲಿ ಅದರ ಆಫೀಸ್ ಲ್ಯಾಬ್ಸ್ ವಿಭಾಗ, ಹೆಸರು ಟೈಪ್ ಮಾಡಿ ಕಮಾಂಡ್ ಹುಡುಕುವ ಪೂರಕವೊಂದನ್ನು ಬಿಡುಗಡೆ ಮಾಡಿತು. 2010ರ ಜೂನ್‌ನಲ್ಲಿ ಬಂದ ಆಫೀಸ್ 2010ರಲ್ಲಿ ಗುಂಡಗಿನ ಬಟನ್ ಹೋಗಿ ಫೈಲ್ ಎಂಬ ಹೆಸರಿನ ಟ್ಯಾಬ್ ಮರಳಿತು, ಮತ್ತು ರಿಬ್ಬನ್ನಿಗೆ ತಮ್ಮದೇ ಟ್ಯಾಬ್‌ಗಳನ್ನೂ ಗುಂಪುಗಳನ್ನೂ ಸೇರಿಸಿಕೊಳ್ಳುವ ಅವಕಾಶ ಎಲ್ಲರಿಗೂ ಸಿಕ್ಕಿತು. ಆಫೀಸ್ 2016ರಲ್ಲಿ ಟೆಲ್ ಮಿ ಎಂಬ ಹುಡುಕುವ ಪೆಟ್ಟಿಗೆ ರಿಬ್ಬನ್ನಿನ ಪಕ್ಕದಲ್ಲೇ ಸ್ಥಾನ ಪಡೆಯಿತು. ಮ್ಯಾಕ್‌ಗಾಗಿ ಬಂದ ಆಫೀಸ್ 2011ರಲ್ಲಿ ಪರದೆಯ ಮೇಲಿನ ಮೆನು ಸಾಲನ್ನು ಹಾಗೆಯೇ ಬಿಟ್ಟು ಅದರ ಕೆಳಗೆ ರಿಬ್ಬನ್ ಇಟ್ಟದ್ದರಿಂದ ಎರಡೂ ಜೊತೆಗಿರಬಲ್ಲವು ಎಂಬುದು ಅದೇ ಸಂಸ್ಥೆಯ ಕೈಯಿಂದಲೇ ಸಾಬೀತಾಯಿತು.

ಇವುಗಳಲ್ಲಿ ಒಂದು ಮಾದರಿ ಎದ್ದು ಕಾಣುತ್ತದೆ. ‘ಹಳೆಯದನ್ನು ಕೊಡಿ’ ಎಂಬ ಸಾಮಾನ್ಯ ಬೇಡಿಕೆಗೆ ಸಂಸ್ಥೆ ಮಣಿಯಲಿಲ್ಲ. ‘ಮುದ್ರಿಸುವುದು ಎಲ್ಲಿದೆ’, ‘ನನ್ನ ಬಟನ್ನನ್ನು ನಾನೇ ಇಟ್ಟುಕೊಳ್ಳಬೇಕು’, ‘ಹೆಸರು ಗೊತ್ತಿದೆ, ಜಾಗ ಗೊತ್ತಿಲ್ಲ’ ಎಂಬ ನಿರ್ದಿಷ್ಟ ದೂರುಗಳಿಗೆ ಮಾತ್ರ ಉತ್ತರ ದೊರೆಯಿತು. ಕೊನೆಯ ದೂರಿಗೆ ಉತ್ತರವಾದ ಹುಡುಕುವ ಪೆಟ್ಟಿಗೆ, ವರ್ಷಕ್ಕೊಮ್ಮೆ ಬೇಕಾಗುವ ಕಮಾಂಡ್‌ಗಳ ಸಮಸ್ಯೆಗೆ ನಾನು ಕಂಡ ಅತ್ಯುತ್ತಮ ಪರಿಹಾರ, ಏಕೆಂದರೆ ಅದು ಜಾಗವನ್ನು ನೆನಪಿಡಬೇಕಾದ ಅಗತ್ಯವನ್ನೇ ತೆಗೆದುಹಾಕುತ್ತದೆ. ಎಕ್ಸೆಲ್‌ನಲ್ಲಿ ಸಾಲು ಸೇರಿಸುವ ಬಟನ್ ಮಾತ್ರ ಇಂದಿಗೂ ಹೋಮ್ ಟ್ಯಾಬ್‌ನಲ್ಲಿಯೇ ಇದೆ, ಅನೇಕರು ಮೌಸ್‌ನ ಬಲಗುಂಡಿ ಒತ್ತಿ ಆ ಕೆಲಸವನ್ನು ಮಾಡಿಕೊಳ್ಳುತ್ತಾರೆ.

ಇದೇ ಪ್ರಶ್ನೆಯನ್ನು ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶ ಬೇರೆ ರೀತಿಯಲ್ಲಿ ಎದುರಿಸಿತು. ಟ್ಯಾಬ್‌ಗಳುಳ್ಳ ನೋಟ್‌ಬುಕ್‌ಬಾರ್ ಎಂಬ ವಿನ್ಯಾಸವನ್ನು 2017ರ 5.3ನೇ ಆವೃತ್ತಿಯಲ್ಲಿ ಪ್ರಾಯೋಗಿಕವಾಗಿ ಇಟ್ಟು, 2019ರ 6.2ನೇ ಆವೃತ್ತಿಯಲ್ಲಿ ಎಲ್ಲರಿಗೂ ತೆರೆಯಿತು. ಹಳೆಯ ಮೆನು ಮತ್ತು ಟೂಲ್‌ಬಾರ್‌ಗಳನ್ನು ಮೂಲ ಆಯ್ಕೆಯಾಗಿಯೇ ಉಳಿಸಿಕೊಂಡು, ಬೇಕಾದವರು ವ್ಯೂ ಮೆನುವಿನಿಂದ ಹೊಸದನ್ನು ಆರಿಸಿಕೊಳ್ಳುವಂತೆ ಮಾಡಿತು. ಇಲ್ಲಿ ಯಾರೂ ತಮ್ಮ ಕೈಯಭ್ಯಾಸವನ್ನು ಕಳೆದುಕೊಳ್ಳಬೇಕಾಗಲಿಲ್ಲ. ಅದಕ್ಕೆ ಪ್ರತಿಯಾಗಿ ಹೊರೆ ಬಿದ್ದದ್ದು ಸಹಾಯ ಮಾಡುವವರ ಮೇಲೆ. ಯಾವ ಬಟನ್ ಎಲ್ಲಿದೆಯೆಂದು ತಿಳಿಸುವ ಮೊದಲು, ನಿಮ್ಮ ಪರದೆಯಲ್ಲಿ ಯಾವ ವಿನ್ಯಾಸವಿದೆ ಎಂದು ಅವರು ಕೇಳಿಕೊಳ್ಳಬೇಕಾಗುತ್ತದೆ, ಮತ್ತು ತಾವು ಯಾವುದನ್ನು ಬಳಸುತ್ತಿದ್ದೇವೆ ಎಂಬುದು ಎಷ್ಟೋ ಬಳಕೆದಾರರಿಗೆ ಗೊತ್ತಿರುವುದಿಲ್ಲ.